ರಕ್ಕಸಿಯ ಸರದಿ

ತಂಗಿ ಮದುವೆಯಾಗುತ್ತೇನೆಂದು ಹಟ ಹಿಡಿದ ಹುಡುಗನ ಬಗ್ಗೆ ನಾನು ಅಲ್ಲಿ ಇಲ್ಲಿ ವಿಚಾರಿಸಲು ಹೋಗಲಿಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಆಟಕ್ಕೆ ಕರೆದುಕೊಂಡು ಬಾ ಎಂದೆ, ಅಷ್ಟೆ. ಆ ಮೇಜಿನ ಮುಂದೆ ಸ್ವಲ್ಪ ಹೊತ್ತು ಕೂತರೆ ಎಂಥವರ ಬಣ್ಣವೂ ಬಯಲಾಗುತ್ತದೆ. ಅಪ್ಪ ಅಮ್ಮ ತೀರಿಹೋದಾಗ ತಂಗಿ ಇನ್ನೂ ಎರಡು ಜಡೆಯ ಹುಡುಗಿ. ಜಡೆ ಹೆಣೆದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ನಾನು. ನಾನು ಬೇಡ ಎಂದರೆ ಅವಳು ಈ ಮದುವೆ ಬಿಡುತ್ತಾಳೆ, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಟವೆಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಒಬ್ಬರು ಕಥೆ ಹೇಳಬೇಕು, ಉಳಿದವರು ಅದರೊಳಗಿನ ವೀರರಾಗಬೇಕು. ಗವಿ, ಕಾಡು, ರಕ್ಕಸರೆಲ್ಲ ಕಥೆ ಹೇಳುವವರ ಕೈಯಲ್ಲಿ. ಏನು ಮಾಡುತ್ತೇವೆಂದು ವೀರರು ಹೇಳುತ್ತಾರೆ, ಅದು ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ನಮ್ಮಲ್ಲಿ ಕಥೆ ಹೇಳುವವಳು ನಾನೇ. ನನಗೆ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ. ಅಚ್ಚು ತೆಗೆದು ಮಿಕ್ಕ ಪ್ಲಾಸ್ಟರಿನಲ್ಲಿ ರಕ್ಕಸರ ಬೊಂಬೆ ಮಾಡಿ ತರುತ್ತೇನೆ. ಹಾಗಾಗಿ ನಮ್ಮ ರಕ್ಕಸರ ಮೂಗು ಎಷ್ಟೇ ಸೊಟ್ಟಗಿರಲಿ, ಹಲ್ಲು ಮಾತ್ರ ನೋಡುವ ಹಾಗಿರುತ್ತವೆ. ನಮ್ಮ ಮನೆಗೇ ಸೇರಿದ ಪದ್ಧತಿಯೂ ಒಂದಿದೆ. ಕೊನೆಯ ಏಟು ಕೊಟ್ಟವರು ಹೇಗೆ ಕೊಂದೆನೆಂದು ಬಾಯಿಬಿಟ್ಟು ಹೇಳಬೇಕು, ಹೇಳಿ ಬೊಂಬೆಯನ್ನು ತಮ್ಮ ಕೈಯಿಂದಲೇ ಮಲಗಿಸಬೇಕು.

ನಮ್ಮ ಚಿಕ್ಕಪ್ಪ ಜಿರಳೆ ಕಂಡರೆ ಲೋಟ ಕವುಚಿ, ಅದರ ಕೆಳಗೆ ಕಾಗದ ತೂರಿಸಿ, ಹೊರಗೆ ಬಿಟ್ಟು ಬರುವ ಮನುಷ್ಯ. ಪೋಸ್ಟಾಫೀಸಿನ ಕೆಲಸದಲ್ಲಿದ್ದಷ್ಟು ಕಾಲವೂ ಯಾರ ಮೇಲೂ ದನಿ ಎತ್ತಿದವರಲ್ಲ. ಆಟದಲ್ಲಿ ಕೊಡಲಿ ಹಿಡಿದರೆಂದರೆ ಕೇಳಲೇಬೇಡಿ. "ಬುರುಡೆಯಿಂದ ಸೊಂಟದ ತನಕ ಸೀಳಿಬಿಟ್ಟೆ," ಎಂದು ತಣ್ಣಗೆ ಹೇಳಿ, ಬೊಂಬೆ ಮಲಗಿಸಿ, ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾರೆ. ನನ್ನ ಗಂಡ ಲೆಕ್ಕದ ಮೇಷ್ಟ್ರು. ಬೆಂಕಿಯ ಮಂತ್ರ ಹಾಕುವ ಮೊದಲು ಎಷ್ಟು ತಲೆ ಸುಡುತ್ತವೆಂದು ಗುಣಾಕಾರ ಮಾಡಿಕೊಳ್ಳುತ್ತಾರೆ. ತಂಗಿಯದು ಬಿಲ್ಲು ಬಾಣ, ಯಾರನ್ನೂ ಹತ್ತಿರಕ್ಕೆ ಬರಗೊಡುವುದಿಲ್ಲ.

ಹುಡುಗ ನಾಯಿ ಬೆಕ್ಕುಗಳ ಡಾಕ್ಟರು. ಬಂದವನೇ ನನ್ನನ್ನು "ಮೇಡಂ" ಎಂದ. ಅದು ನನಗೆ ಹಿಡಿಸಲಿಲ್ಲ. "ಅಕ್ಕ" ಎಂದಿದ್ದರೂ ಹಿಡಿಸುತ್ತಿರಲಿಲ್ಲ, ಆ ಮಾತು ಬೇರೆ. ಅವನ ಕೈಗೊಂದು ಕತ್ತಿ ಕೊಟ್ಟು ಆಟ ಶುರುಮಾಡಿದೆ. ನಮ್ಮವರು ಊಟಕ್ಕೆ ಕೂತಿದ್ದ ಕಾವಲು ರಕ್ಕಸರನ್ನು ಕೂತಲ್ಲೇ ಮುಗಿಸಿದರು. ಓಡುತ್ತಿದ್ದವರನ್ನು ತಂಗಿ ಬೆನ್ನಿಗೆ ಬಾಣ ಬಿಟ್ಟು ಕೆಡವಿದಳು. ಡಾಕ್ಟರು ಎಲ್ಲವನ್ನೂ ನೋಡುತ್ತಿದ್ದ.

ಅವನಿಗೆಂದೇ ನಾನೊಂದು ಪರೀಕ್ಷೆ ಇಟ್ಟಿದ್ದೆ. ಗವಿಯ ತುದಿಯಲ್ಲಿ ಒಂದು ಮರಿ ರಕ್ಕಸ ಮೂಲೆಗೆ ಮುದುಡಿಕೊಂಡಿದೆ. ಕೈಯಲ್ಲಿ ಆಯುಧವಿಲ್ಲ. ಅಳುತ್ತಾ "ಹೊಡೀಬೇಡಿ" ಎನ್ನುತ್ತಿದೆ. ಬಿಟ್ಟರೆ ಹುಡುಗನ ಬಗ್ಗೆ ಯೋಚಿಸೋಣ, ಕೊಂದರೆ ಅಲ್ಲಿಗೆ ಮುಗಿಯಿತು. ಆ ಅಳುವನ್ನು ನಾನೇ ಮೂಗಿನಲ್ಲಿ ಎಳೆದೆಳೆದು ಬಲು ಚೆನ್ನಾಗಿ ಅತ್ತೆ. ತಂಗಿಗೆ ನನ್ನ ಕಿತಾಪತಿ ಆಗಲೇ ತಿಳಿದುಹೋಯಿತು. ಕಣ್ಣರಳಿಸಿ ನನ್ನನ್ನೇ ನೋಡಿದಳು.

"ಬಿಟ್ರೆ ಹೋಗಿ ಮಿಕ್ಕೋರನ್ನ ಕರ್ಕೊಂಡ್ ಬರುತ್ತಪ್ಪ," ಎಂದರು ಚಿಕ್ಕಪ್ಪ. "ಮುಗಿಸ್ಬಿಡು."

ಡಾಕ್ಟರು ಬೊಂಬೆಯನ್ನು ನೋಡುತ್ತಾ, "ಇದರ ಹೆಸರೇನು, ಮೇಡಂ?" ಎಂದ.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಇದು. ನನ್ನ ಹತ್ತಿರ ಹೆಸರಿರಲಿಲ್ಲ. ತಡವರಿಸುತ್ತಿದ್ದಾಗ ಬಾಯಿಗೆ ಬಂದದ್ದು "ಗುಬ್ಬಿ". ಎರಡು ಜಡೆಯ ಕಾಲದಲ್ಲಿ ನಾನು ತಂಗಿಯನ್ನು ಕರೆಯುತ್ತಿದ್ದ ಹೆಸರು. ಹುಡುಗನಿಗೆ ಇದು ಗೊತ್ತಿಲ್ಲ. ತಂಗಿ ಚಹಾ ನೆತ್ತಿಗೇರಿಸಿಕೊಂಡಳು.

ಅವನು ಕುರ್ಚಿಯಿಂದ ಮುಂದಕ್ಕೆ ಬಾಗಿದ. "ಪಕ್ಕದಲ್ಲಿ ಕೂತ್ಕೋತೀನಿ. ಗುಬ್ಬಿ, ಹೆದರ್ಕೋಬೇಡ ಅಂತೀನಿ. ಒಂದು ಕೈ ತಲೆ ಹಿಂದೆ ಇಡ್ತೀನಿ, ಕತ್ತಿ ಕಾಣದ ಹಾಗೆ. ಒಂದೇ ಸಲ." ದಾಳ ಉರುಳಿಸಿದ. ಅದು ಅವನ ಪರವಾಗಿ ಬಿತ್ತು. ಬೊಂಬೆಯನ್ನು ಎತ್ತಿ, ಪಕ್ಕಕ್ಕೆ ಹೊರಳಿಸಿ, ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ.

ಚಿಕ್ಕಪ್ಪನ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. "ಹೀಗೂ ಕೊಲ್ತಾರೇನಯ್ಯಾ," ಎಂದರು, ಈಗ ತಾನೇ ಸೊಂಟದ ತನಕ ಸೀಳಿ ಬಂದವರು.

"ಹೆಸರು ಕೇಳಿ ಕೊಲ್ಲೋದು ಇನ್ನೂ ಕ್ರೂರ ಅಲ್ವಾ?" ಎಂದರು ನನ್ನ ಗಂಡ.

"ಕೇಳದೆ ಕೊಂದ್ರೆ ಕಮ್ಮಿ ಆಗುತ್ತಾ ಸಾರ್?" ಎಂದ ಡಾಕ್ಟರು. ಕುಟುಕಿ ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ.

ನನ್ನ ತೀರ್ಮಾನವಂತೂ ಆಗಿತ್ತು. ಆದರೂ ಕೇಳಿದೆ, "ಅಷ್ಟು ಬೇಡ್ಕೊಳ್ತಿತ್ತು. ಯಾಕೆ ಕೊಂದ್ರಿ?"

"ನಿಮ್ಮನೇಲಿ ಯಾರೂ ಯಾರನ್ನೂ ಬಿಡ್ಲಿಲ್ಲ ಮೇಡಂ. ಇದೇ ಇಲ್ಲಿನ ಪದ್ಧತಿ ಅಂದ್ಕೊಂಡೆ. ಮೊದಲನೇ ಸಲ ಬಂದಿದೀನಿ, ನಾನೊಬ್ಬ ಅದನ್ನ ಬಿಟ್ರೆ ದೊಡ್ಡೋರಿಗೆ ಬುದ್ಧಿ ಹೇಳಿದ ಹಾಗಾಗುತ್ತೇನೋ ಅನ್ನಿಸ್ತು." ಮಲಗಿದ್ದ ಬೊಂಬೆಯ ಕಡೆ ನೋಡಿ, "ಬಿಡಬೇಕಿತ್ತು," ಎಂದ.

ತಂಗಿ ಮೆಲ್ಲಗೆ, "ಅಕ್ಕಾ, ಅದನ್ನ ಅಲ್ಲಿ ಅಳೋಕೆ ಕೂರಿಸಿದ್ದು ಯಾರು?" ಎಂದಳು. ನನಗೆ ಚುರುಕ್ಕೆಂದಿತು. ಸಿಟ್ಟು ಬಂದಾಗ ನಾನು ಸಾಮಾನು ಎತ್ತಿಡಲು ಶುರುಮಾಡುತ್ತೇನೆ. ದಾಳ ಡಬ್ಬಿಗೆ ಹಾಕತೊಡಗಿದೆ.

"ಆಟ ಮುಗೀತಾ?" ಎಂದ ಡಾಕ್ಟರು. "ನಂಗೆ ಇನ್ನೊಂದು ಸರದಿ ಬೇಕಿತ್ತು. ಗುಬ್ಬಿಗೆ ಮನೇಲಿ ಯಾರಿದಾರೆ?"

"ಯಾಕೆ?"

"ಹೇಳ್ಬೇಕಲ್ಲ. ನಮ್ಮ ಆಸ್ಪತ್ರೇಲಿ ವಾಸಿಯಾಗದ ಪ್ರಾಣಿಗೆ ಕೊನೇ ಇಂಜೆಕ್ಷನ್ ಯಾರು ಕೊಡ್ತಾರೋ ಅವರೇ ಹೊರಗೆ ಬಂದು ಮನೆಯೋರಿಗೆ ಹೇಳ್ಬೇಕು. ಬೇರೆಯೋರ ಕೈಲಿ ಹೇಳಿಸೋ ಹಾಗಿಲ್ಲ."

ರಕ್ಕಸರಿಗೂ ಮನೆಯಿರುತ್ತದೆಂದು ಅವರನ್ನು ಮಾಡಿದ ನನಗೇ ಹೊಳೆದಿರಲಿಲ್ಲ. "ತಾಯಿ ಇದಾಳೆ," ಎಂದೆ.

"ಹಾಗಾದ್ರೆ ಹೋಗ್ತೀನಿ. ಕತ್ತಿ ಬಾಗಿಲ ಹೊರಗೇ ಇಡ್ತೀನಿ."

"ಕತ್ತಿ ಬಿಡ್ಬೇಡಪ್ಪ, ಅವಳು ರಕ್ಕಸಿ," ಎಂದರು ಚಿಕ್ಕಪ್ಪ, ನಿಜಕ್ಕೂ ಗಾಬರಿಯಾಗಿ. ಆಟದ ನಿಯಮವೂ ಹಾಗೇ ಇದೆ. ಬರಿಗೈಯಲ್ಲಿ ರಕ್ಕಸಿಯ ಮನೆಗೆ ಹೋದವನ ಮೇಲೆ ಮೊದಲ ಏಟು ರಕ್ಕಸಿಯದು. ನಾನು ದಾಳವನ್ನು ಡಬ್ಬಿಯಿಂದ ವಾಪಸ್ಸು ತೆಗೆದೆ. ಹೊಡೆಯಬೇಕೆಂಬ ಆಸೆ ನನಗೆ ಜೋರಾಗಿಯೇ ಇತ್ತು. ಅವನು ನನ್ನ ಗುಬ್ಬಿಯನ್ನು ಕರೆದುಕೊಂಡು ಹೋಗಲು ಬಂದವನು, ಅದಕ್ಕೇ ನನಗೆ ಸಿಟ್ಟು. ಅವನು ದೇವರಂಥವನಾಗಿದ್ದರೂ ನನಗೆ ಸಿಟ್ಟು ಬರುತ್ತಿತ್ತು.

"ಅಮ್ಮಾ," ಎಂದ ಅವನು. ನನಗೆ ಮೇಡಂ, ರಕ್ಕಸಿಗೆ ಅಮ್ಮ. "ಗುಬ್ಬಿ ಹೋಗ್ಬಿಟ್ಟಳು. ನನ್ನ ಕೈಯಿಂದಲೇ ಹೋದಳು. ಅದನ್ನ ಹೇಳೋಕೆ ಬಂದೆ."

ನನ್ನದೊಂದು ರಕ್ಕಸಿ ದನಿಯಿದೆ, ಪಕ್ಕದ ಮನೆಯವರಿಗೂ ಅದರ ಪರಿಚಯವಿದೆ. ಆಗ ಅದು ಬರಲಿಲ್ಲ. ನನ್ನ ದನಿಯಲ್ಲೇ ಕೇಳಿದೆ, "ಅತ್ತಳಾ?"

ಅತ್ತಿದ್ದನ್ನು ಮೇಜಿನ ಸುತ್ತ ಕೂತವರೆಲ್ಲ ಕೇಳಿದ್ದರು. ಅತ್ತವಳೇ ನಾನು.

"ಇಲ್ಲಮ್ಮ," ಎಂದ, ನನ್ನ ಕಣ್ಣಲ್ಲಿ ಕಣ್ಣಿಟ್ಟು. "ಅಳಲಿಲ್ಲ. ಹೆದರಲೂ ಇಲ್ಲ. ನಿದ್ದೆ ಹತ್ತಿದ ಹಾಗೆ ಹೋದಳು."

ಹಸಿ ಸುಳ್ಳು. ತನ್ನ ತಪ್ಪಿನ ವಿಷಯದಲ್ಲಿ ಒಂದಕ್ಷರ ಮುಚ್ಚಿಡದವನು, ತಾಯಿಗೆ ನೋವಾಗುವ ಜಾಗದಲ್ಲಿ ಮಾತ್ರ ಸುಳ್ಳು ಹೇಳಿದ. ಇಂಥವನ ಮನೆಯಲ್ಲಿ ನನ್ನ ತಂಗಿಗೆ ಏನೂ ಆಗುವುದಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಸಂಕಟವೂ ಆಯಿತು.

"ದಾಳ ಹಾಕ್ತೀಯೋ ಇಲ್ವೋ?" ಎಂದರು ನನ್ನ ಗಂಡ. ತಂಗಿ ದಾಳದ ಕಡೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

"ರಕ್ಕಸಿ ಕ್ಷಮಿಸಲ್ಲ," ಎಂದೆ. "ಹೊಡೆಯೋದೂ ಇಲ್ಲ. ಬಾಗಿಲು ತೆಗೆದಿಟ್ಟು ಒಳಗೆ ಹೋಗ್ತಾಳೆ."

"ಅಂದ್ರೆ ಏನಕ್ಕಾ?" ಎಂದಳು ತಂಗಿ.

"ಅಂದ್ರೆ ಮದುವೆ ದಿನ ನೀವೇ ಗೊತ್ತುಮಾಡ್ಕೊಳ್ಳಿ ಅಂತ."

ಚಿಕ್ಕಪ್ಪ ಎದ್ದು ಹುಡುಗನ ಬೆನ್ನು ತಟ್ಟಿದರು, ಗಂಡ ನಕ್ಕರು, ತಂಗಿ ನನ್ನ ಕೈ ಹಿಡಿದುಕೊಂಡಳು. ಡಾಕ್ಟರು ಮಾತ್ರ ಇನ್ನೂ ಆ ರಕ್ಕಸಿಯ ಬಾಗಿಲ ಹತ್ತಿರವೇ ನಿಂತಿದ್ದ.

"ಒಳಗೆ ಹೋಗಿ ಏನ್ ಮಾಡ್ತಾಳೆ?" ಎಂದ.

"ಅಳ್ತಾಳೆ. ಇನ್ನೇನ್ ಮಾಡ್ತಾಳೆ," ಎಂದೆ. ಕೈ ಬಿಡಿಸಿಕೊಂಡು ಎದ್ದು ಒಳಗೆ ಹೋದೆ.