ಬೋರ್ಡಿನ ಹಿಂದಿನ ಬೊಟ್ಟು

ಸಿಟ್ಟು ಬಂದರೆ ಶೇಖಪ್ಪ ಎದುರಿಗೆ ಯಾರಿದ್ದಾರೆಂದು ನೋಡುವವನಲ್ಲ. ಹದಿನೆಂಟು ವರ್ಷ ಒಂದೇ ಮೇಜಿಗೆ ಕೂತು ದುಡಿದ ಶಿವಲಿಂಗನನ್ನು ದಸರೆಯ ಮರುದಿನ ಹಾಗೆಯೇ ಅಂಗಡಿಯಿಂದ ಓಡಿಸಿದ್ದ.

ದಾಂಡೇಲಿಯ ಒಂದೇ ಖೋಲಿಯ ಆ ಅಂಗಡಿಯಲ್ಲಿ ಇಬ್ಬರೂ ಕಾರ್ಖಾನೆಗಳ ಮೀಟರು ರಿಪೇರಿ ಮಾಡುತ್ತಿದ್ದರು. ಈ ಸಲ ಕಾಗದದ ಕಾರ್ಖಾನೆಯಿಂದ ಬಂದದ್ದು ಹೊಸ ಕೆಲಸ. ಓಡುವ ಕಾಗದದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹಿಡಿಯುವ ಯಂತ್ರ. ಮೇಲೊಂದು ದೀಪ, ಕೆಳಗೊಂದು ಫೋಟೊಡಯೋಡು. ತೂತಿನಿಂದ ಬೆಳಕು ಬಿದ್ದರೆ ಡಯೋಡು ಇಷ್ಟೇ ಇಷ್ಟು ಕರೆಂಟು ಕೊಡುತ್ತದೆ. ಅದನ್ನು ಹಿಗ್ಗಿಸಲು ಒಂದು ಆಪ್‌ ಆಂಪ್‌ ಚಿಪ್ಪು ಬೇಕು. ಯಾವ ಚಿಪ್ಪು ಎಂಬುದಕ್ಕೇ ಜಗಳ.

"ಇದರಾಗ ಸಿಗ್ನಲ್ಲಿನ ಗದ್ದಲ ಭಾಳ ಕಡಿಮಿ ಐತಿ. ಕಂಪನಿಯವರ ಬರದಾರ, ನೋಡು," ಎಂದಿದ್ದ ಶೇಖಪ್ಪ.

"ಗದ್ದಲ ಕಡಿಮಿ, ಹಸಿವು ಜಾಸ್ತಿ. ಡಯೋಡು ಕೊಡೂದ ಒಂದು ಹನಿ. ಅದನ್ನ ಈ ಮಗ ಬಾಗಲದಾಗ ನಿಂತು ಕುಡದುಬಿಡ್ತಾನ. ನಂದು ಹಾಕು, ಇದಕ್ಕ ಹಸಿವ ಇಲ್ಲ."

ಶಿವಲಿಂಗನ ಚಿಪ್ಪನ್ನೇ ಹಾಕಿದರು. ಎರಡು ದಿನ, ಕರೆಂಟಿನ ಏರಿಳಿತ ತೋರಿಸುವ ತೆರೆಯ ಮೇಲಿನ ಗೆರೆ ಅಲುಗಲಿಲ್ಲ. ಆಮೇಲೆ ಹತಾರಗಳಿಗೆ ಖಂಡೇ ಪೂಜೆ, ದಸರೆ. ಒಬ್ಬರಿಗೊಬ್ಬರು ಬನ್ನಿ ಕೊಟ್ಟರು. ಮರುದಿನ ಮುಂಜಾನೆ ನೋಡಿದರೆ ಗೆರೆ ಚಳಿಜ್ವರ ಬಂದವರಂತೆ ನಡುಗುತ್ತಿತ್ತು.

"ನಿನ್ನ ಚಿಪ್ಪೂ ದಂಡ, ನೀನೂ ದಂಡ! ನಡಿ ಹೊರಗ!"

ಶಿವಲಿಂಗ ಏನೋ ಹೇಳಲು ಬಾಯಿ ತೆರೆದ. ಶೇಖಪ್ಪ ಇನ್ನೂ ಜೋರಾಗಿ ಒದರಿದ. ಶಿವಲಿಂಗ ಬುತ್ತಿಯ ಚೀಲ ಹೆಗಲಿಗೇರಿಸಿಕೊಂಡು ತನ್ನೂರು ಸಾಂಬ್ರಾಣಿಯ ಬಸ್ಸು ಹತ್ತಿದ. ಮತ್ತೆ ಬರಲಿಲ್ಲ.

ಶೇಖಪ್ಪನ ಹೆಂಡತಿ ವಿದ್ಯಾವತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ದಿನಕ್ಕೆ ಅವನು ಆಡುತ್ತಿದ್ದ ಮಾತೆಲ್ಲ ಆ ಮೇಜಿನ ಮೇಲಿನದೇ. ಈಗ ಅದೂ ನಿಂತಿತು. ತನ್ನ ಚಿಪ್ಪು ಹಾಕಿ ನೋಡಿದ. ದೀಪ ಆರಿಸಿ ಡಯೋಡು ಮುಚ್ಚಿದರೂ ಗೆರೆ ಮೇಲೇ ನಿಂತಿತು. ಬೆಳಕೇ ಇಲ್ಲದಾಗಲೂ ಚಿಪ್ಪು ತಾನಾಗಿ ಕರೆಂಟು ಎಳೆಯುತ್ತಿತ್ತು; ಶಿವಲಿಂಗ ಹೇಳಿದ ಹಸಿವು ಖರೆ. ಒಂದು ತಿಂಗಳು ಹಟ ಹಿಡಿದು ಕೊನೆಗೆ ಶಿವಲಿಂಗನ ಚಿಪ್ಪನ್ನೇ ಮತ್ತೆ ಸಾಕೆಟ್ಟಿಗೆ ಒತ್ತಿದ. ಮುಂಜಾನೆ ನಡುಗುವ ಗೆರೆ ಮಧ್ಯಾಹ್ನ ಸುಮ್ಮನಾಗುತ್ತಿತ್ತು. ಮರುದಿನವೂ ಹಾಗೇ. ಮುಂಜಾನೆ ಹೊಳೆಯ ಕಡೆಯಿಂದ ಮಂಜು ಖೋಲಿಯೊಳಗೇ ಬರುತ್ತದೆ, ಬಿಸಿಲೇರಿದರೆ ಒಣಗುತ್ತದೆ. ಅಂದರೆ ಎಲ್ಲೋ ಹಸಿ ಕೂತಿದೆ. ಬೋರ್ಡು ಬಿಚ್ಚಿ ಮಗುಚಿದ.

ಹಿಂದೆ, ಡಯೋಡಿನ ತಂತಿ ಚಿಪ್ಪಿಗೆ ಸೇರುವಲ್ಲೇ, ಒಂದು ಕುಂಕುಮದ ಬೊಟ್ಟು.

ಖಂಡೇ ಪೂಜೆಯ ದಿನ ಸೋಲ್ಡರ್ ಕಡ್ಡಿ, ಇಕ್ಕಳ, ಮೀಟರು ಎಲ್ಲಕ್ಕೂ ಕುಂಕುಮ ಹಚ್ಚಿದವನು ಶೇಖಪ್ಪನೇ. ಚಿಪ್ಪಿನ ಮೇಲೆ ಬೇಡವೆಂದು ಹುಷಾರಿನಿಂದ ಹಿಂದೆ ಹಚ್ಚಿದ್ದ, ಬೆರಳು ನೀರಿನಲ್ಲಿ ಅದ್ದಿ. ಮಂಜು ಬಂದಾಗ ಆ ಬೊಟ್ಟು ಹಸಿಯಾಗಿ ಡಯೋಡಿನ ಕರೆಂಟಿಗೆ ಕಳ್ಳದಾರಿ ಮಾಡಿಕೊಡುತ್ತಿತ್ತು.

ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿದ. ಹೊರಗೆ ಇನ್ನೂ ಮಂಜಿತ್ತು. ಗೆರೆ ಮಾತ್ರ ಎಳೆದ ದಾರದಂತೆ ನಿಂತಿತು. ಕೂಡಲೇ ಫೋನು ಹಚ್ಚಿದ.

"ಶಿವ್ಯಾ, ನಿನ್ನ ಚಿಪ್ಪ ಖರೆ ಐತೋ."

"ಗೊತ್ತೈತಿ."

"ಬೋರ್ಡಿನ ಹಿಂದ ಕುಂಕುಮ ನಾನ ಹಚ್ಚಿದ್ದೆ."

"ಅದೂ ಗೊತ್ತೈತಿ. ನೀ ಹಚ್ಚೂದು ನೋಡಿದ್ದೆ."

"ಮತ್ತ ಹೇಳಲಿಲ್ಲ ಯಾಕಲೇ?"

"ಹೇಳಾಕ ಬಿಟ್ಟೇನು ನೀ?"

"ತಪ್ಪ ಆತೋ. ನಾಳೆ ಮುಂಜಾನಿ ಬಸ್ಸಿಗೆ ಬಾ."

"ನಾ ಈಗ ಗಣೇಶಗುಡಿ ಊರಾಗ ಅದೇನಿ. ಹೋಂಸ್ಟೇದಾಗ ಪಂಪು, ಲೈಟು ನೋಡ್ಕೋತೇನಿ. ಛಲೋ ಐತಿ ಇಲ್ಲೆ." ಶಿವಲಿಂಗ ಹೇಳಿದ, "ಯಾರೂ ಒದರೂದಿಲ್ಲ, ಶೇಖಾ."

ಫೋನು ಇಟ್ಟ ಮೇಲೆ ಶೇಖಪ್ಪ ದೀಪದ ಕೆಳಗೆ ತೂತಿನ ಕಾಗದ ಎಳೆದ. ಗೆರೆ ಒಮ್ಮೆ ಚಿಮ್ಮಿ ಇಳಿಯಿತು. ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ.

"ನೋಡಲೇ, ಹಿಡೀತು!" ಎಂದ ಜೋರಾಗಿ.

ಅಂದ ಮೇಲೆ ತನ್ನ ಮೇಲೇ ಸಿಟ್ಟು ಬಂತು. ಇದೇ ಮೊದಲ ಸಲ ಎದುರಿಗೆ ಯಾರಿದ್ದಾರೆಂದು ನೋಡಿದ. ಶಿವಲಿಂಗನ ಸ್ಟೂಲಿನ ಮೇಲೆ ಬಿಚ್ಚಿಟ್ಟ ಒಂದು ಮೀಟರಿತ್ತು, ಅಷ್ಟೇ.