ಮೊದಲ ಇಪ್ಪತ್ತು ಸೆಕೆಂಡು

ಒಂಟಿಕೊಪ್ಪಲಿನ ಶಿವರುದ್ರಪ್ಪನವರಿಗೆ ಕ್ಯಾಸೆಟ್ ಡೆಕ್ ಅಂದರೆ ಪ್ರಾಣ. ವಯಸ್ಸು ಅರವತ್ತೆಂಟಾದರೂ ರಿಪೇರಿಗೆ ಕೂತರೆ ಕೈ ನಡುಗದು. ಮೇಜಿನ ಮೇಲೆ ಎರಡು ಡೆಕ್ಕು, ಎಡಗಡೆಯದರಲ್ಲಿ ಹಳೇ ಕ್ಯಾಸೆಟ್ ಹಾಕಿ ಬಲಗಡೆಯದರಲ್ಲಿ ಕಾಪಿ ಇಳಿಸಲು. ಬಲಗಡೆಯದು ಬಲು ಜಾಣ. ಹೊಸ ಕ್ಯಾಸೆಟ್ ಹಾಕಿ ಒಂದು ಗುಂಡಿ ಒತ್ತಿದರೆ, ಟೇಪಿನ ಮೊದಲ ಇಪ್ಪತ್ತು ಸೆಕೆಂಡಿನಲ್ಲಿ ಕೂಂ, ಕೀಂ ಅಂತ ತಾನೇ ಸದ್ದು ರೆಕಾರ್ಡ್ ಮಾಡಿ, ತಾನೇ ಕೇಳಿ, ಆ ಟೇಪಿಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಂಡು, ಮತ್ತೆ ಮೊದಲಿಗೆ ಸುತ್ತಿ ನಿಲ್ಲುತ್ತದೆ. ಕ್ಯಾಲಿಬ್ರೇಷನ್ ಅಂತ ಅದರ ಹೆಸರು. ಅದನ್ನು ಮಾಡದೆ ಅವರು ರೆಕಾರ್ಡಿಂಗಿಗೆ ಕೈ ಹಾಕಿದವರೇ ಅಲ್ಲ.

ಗಿರಾಕಿಯ ಕ್ಯಾಸೆಟ್ ಬಂದೊಡನೆ ಅದರ ಬೆನ್ನಿನ ಪ್ಲಾಸ್ಟಿಕ್ ಚಕ್ಕೆ ಮುರಿಯುವುದೂ ಅವರ ಪದ್ಧತಿ. ಚಕ್ಕೆ ಹೋದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗದು. ಯಾದವಗಿರಿಯ ರಂಜನಿ ತಂದ ಕ್ಯಾಸೆಟ್ಟಿನದು ಮಾತ್ರ ಮುರಿಯಲಿಲ್ಲ.

"ಏನೂ ಮುರೀಬೇಡಿ ಸರ್. ಅಪ್ಪ ಇಟ್ಟಿದ್ದ ಹಾಗೇ ವಾಪಸ್ ಬೇಕು. ಒಂದು ಕಾಪಿ ಮಾಡಿಕೊಡಿ, ಸಾಕು," ಅಂದಿದ್ದಳು. ನಲವತ್ತು ದಾಟಿದ ಹೆಂಗಸು. ತಂದೆ ಲಕ್ಷ್ಮೀನರಸಿಂಹ ತೀರಿಕೊಂಡು ಮೂರು ತಿಂಗಳಾಗಿತ್ತು, ಅವರ ಬೀರುವಿನಲ್ಲಿ ಸಿಕ್ಕಿದ ಕ್ಯಾಸೆಟ್ಟು ಅದು. "ಅಮ್ಮ ಹೋದಾಗ ನಂಗೆ ಮೂರು ವರ್ಷ. ಇದರಲ್ಲಿ ಅಮ್ಮ ಮಾತಾಡ್ತಾರಂತೆ. ಅಪ್ಪ ಯಾವತ್ತೂ ನಂಗೆ ಕೇಳಿಸಲಿಲ್ಲ, ಅವರಿಗೇ ತಡ್ಕೊಳಕ್ಕೆ ಆಗ್ತಿರಲಿಲ್ಲ."

ಬುಧವಾರ ಬೆಳಿಗ್ಗೆ ಶಿವರುದ್ರಪ್ಪ ಅದನ್ನು ಬಲಗಡೆಯ ಡೆಕ್ಕಿಗೇ ಹಾಕಿ ತುಸು ಕೇಳಿ ನೋಡಿದರು. ಹೆಂಗಸಿನ ದನಿ, ಈಗ ಮಾತಾಡಿದಷ್ಟು ಸ್ಪಷ್ಟ. ಖುಷಿಯಾಗಿ ಮೊದಲಿಗೆ ಸುತ್ತಿದರು. ಇನ್ನು ಅದನ್ನು ಎಡಗಡೆಗೆ ಹಾಕಿ, ಬಲಗಡೆಗೆ ಹೊಸ ಕ್ಯಾಸೆಟ್ ಹಾಕಬೇಕು. ಅಷ್ಟರಲ್ಲಿ ಗ್ಯಾಸಿನವನು ಬಾಗಿಲಲ್ಲಿ ಕೂಗಿದ. ಸಿಲಿಂಡರ್ ಒಳಗಿಡಿಸಿ ಬಂದು ಕೂತವರೇ, ನೋಡಲಿಲ್ಲ ಗೀಡಲಿಲ್ಲ, ಕ್ಯಾಲಿಬ್ರೇಷನ್ ಗುಂಡಿ ಒತ್ತಿಬಿಟ್ಟರು. ಮೂವತ್ತು ವರ್ಷದ ಅಭ್ಯಾಸ ಕಣ್ರೀ, ಅದಕ್ಕೆ ಕಣ್ಣೆಲ್ಲಿ!

ಕನ್ನಡಕ ಒರೆಸಿ ಹಾಕಿಕೊಂಡು ನೋಡುತ್ತಾರೆ, ಹೊಸ ಕ್ಯಾಸೆಟ್ ಮೇಜಿನ ಮೇಲೇ ಇದೆ. ಡೆಕ್ಕು ಆಗಲೇ ತನ್ನ ಕೆಲಸ ಮುಗಿಸಿ ಹಿಂದಕ್ಕೆ ಸುತ್ತುತ್ತಿತ್ತು.

"ಅಯ್ಯೋ ಶಿವನೇ, ಏನು ಮಾಡ್ಬುಟ್ಟೆ!"

ಮೊದಲಿಂದ ಹಾಕಿ ಕೇಳಿದರು. ಕೂಂ, ಕೀಂ ಮುಗಿದ ಮೇಲೆ ಒಂದು ಮಗು ತೊದಲುತ್ತ ಶ್ಲೋಕ ಹೇಳುತ್ತಿತ್ತು. ಹತ್ತು ನಿಮಿಷ, ಬರೀ ಮಗು. ತಾಯಿ ಈಗ ಮಾತಾಡಿಯಾಳು, ಆಗ ಮಾತಾಡಿಯಾಳು ಅಂತ ಕಾದರು. ಇಲ್ಲ. ಇನ್ನೊಂದು ಬದಿಯೂ ಖಾಲಿ. ಆ ತಾಯಿ ಮಾತಾಡಿದ್ದೇ ಮೊದಲ ಇಪ್ಪತ್ತು ಸೆಕೆಂಡು.

ಹೆಂಡತಿ ಪಾರ್ವತಮ್ಮನ ಹತ್ತಿರ ಹೇಳಿಕೊಂಡರು. "ಹಳೇ ಟೇಪು, ಶುರುವಿನಲ್ಲಿ ಹಾಳಾಗಿತ್ತು ಅಂದ್ಬುಡಿ. ಆಯಮ್ಮ ಒಂದ್ಸಲಾನೂ ಕೇಳಿಲ್ಲ, ಎಂಗೆ ಗೊತ್ತಾಗುತ್ತೆ?" ಅಂದರು ಆಕೆ. ಕೆಟ್ಟ ಹೆಂಗಸಲ್ಲ ಪಾರ್ವತಮ್ಮ, ಗಂಡನ ಮುಖ ನೋಡಲಾರದೆ ಅಂದದ್ದು. ಮುರೀಬೇಡಿ ಅಂದವರು ನೀವೇ ಅಲ್ಲವೇ ಅಂತ ತಪ್ಪನ್ನು ರಂಜನಿಯ ಮೇಲೇ ಹಾಕಲೂ ದಾರಿಯಿತ್ತು. ಎರಡು ದಿನ ಶಿವರುದ್ರಪ್ಪನವರಿಗೆ ಅನ್ನ ಸೇರಲಿಲ್ಲ.

ಶನಿವಾರ ರಂಜನಿ ಬಂದಳು. ಕುರ್ಚಿ ಎಳೆದು ಕೂರಿಸಿ, ನಡೆದದ್ದನ್ನೆಲ್ಲ ಹೇಳಿದರು. "ನನ್ನ ಕೈಯಾರೆ ಅಳಿಸಿದೆ ಕಣಮ್ಮ. ಟೇಪಿನ ತಪ್ಪಿಲ್ಲ, ನಿಮ್ಮ ತಪ್ಪೂ ಇಲ್ಲ."

ಅವಳ ಮುಖ ಬಿಳಿಚಿಕೊಂಡಿತು. "ನಲವತ್ತು ವರ್ಷ ಅಪ್ಪ ಜೋಪಾನ ಮಾಡಿದ್ದನ್ನ, ನೀವು ಒಂದು ಬೆಳಿಗ್ಗೆ..." ಕ್ಯಾಸೆಟ್ಟನ್ನು ಬಾಚಿ ಚೀಲಕ್ಕೆ ಹಾಕಿಕೊಂಡು ಎದ್ದಳು. ತಡೆಯಲು ಅವರಿಗೆ ಯಾವ ಮುಖ? ತಲೆ ತಗ್ಗಿಸಿ ನಿಂತರು.

ಹೊಸಿಲ ಹತ್ತಿರ ಅವಳು ನಿಂತಳು. "ಅಳಿಸೋ ಮುಂಚೆ ನೀವು ಕೇಳಿದ್ರಾ?"

"ಕೇಳ್ದೆ ಕಣಮ್ಮ."

"ಏನಂದ್ರು?"

ಶಿವರುದ್ರಪ್ಪ ತಲೆ ಎತ್ತಿದರು. "'ರಂಜೂ, ಬಾರೇ ಇಲ್ಲಿ, ತೊಡೆ ಮೇಲೆ ಕೂತ್ಕೋ. ಜಡೆ ಆಮೇಲೆ ಹಾಕ್ತೀನಿ. ಎಲ್ಲಿ, ನಿನ್ನೆ ಹೇಳ್ಕೊಟ್ಟಿದ್ದು ಹೇಳು, ಅಪ್ಪಂಗೆ ಕೇಳಿಸೋಣ' ಅಂದ್ರು. ನಗ್ತಾ ಅಂದ್ರು."

"ನಗ್ತಾ?"

"ಹೂಂ. ನೀವು ಓಡಿ ಬಂದಿರಬೇಕು, ಅವರಿಗೆ ನಗು ತಡ್ಕೊಳಕ್ಕಾಗ್ಲಿಲ್ಲ."

ರಂಜನಿ ವಾಪಸ್ ಬಂದು ಅದೇ ಕುರ್ಚಿಯಲ್ಲಿ ಕೂತಳು. ಕಣ್ಣು ಒರೆಸಿಕೊಳ್ಳಲಿಲ್ಲ. ಚೀಲದಿಂದ ಫೋನ್ ತೆಗೆದು, ರೆಕಾರ್ಡಿಂಗ್ ಶುರು ಮಾಡಿ, ಅವರ ಮುಂದೆ ಇಟ್ಟಳು.

"ಮೊದಲಿಂದ ಹೇಳಿ ಸರ್," ಅಂದಳು.