ಕೊಟ್ಟಿಗೆಯ ಮುಂದಿನ ಕುರ್ಚಿ

ಚಿತ್ರದಲ್ಲಿ ಎಲ್ಲರೂ ಕೂತಿದ್ದರು. ಅಡಿವೆಪ್ಪನಿಗೆ ಸಹಿಸಲಾಗದ್ದು ಅದೇ. ಡಚ್ ಕಲಾವಿದನೊಬ್ಬ ನೂರೈವತ್ತು ವರ್ಷದ ಹಿಂದೆ ಜಲವರ್ಣದಲ್ಲಿ ಚಿತ್ರಿಸಿದ ಹಳ್ಳಿಯ ಕೊಟ್ಟಿಗೆ. ಆಕಳು ಕಾಲು ಮಡಚಿ ಮೆಲುಕು ಹಾಕುತ್ತಿತ್ತು, ಕೋಳಿ ಹುಲ್ಲಿನಲ್ಲಿ ಹುದುಗಿತ್ತು, ಹೆಂಗಸೊಬ್ಬಳು ಮಣೆಯ ಮೇಲೆ ಕೂತು ಏನನ್ನೋ ಸುಲಿಯುತ್ತಿದ್ದಳು. ಅದನ್ನು ಕಾಯುವವನು ಮಾತ್ರ ಹತ್ತರಿಂದ ಐದೂವರೆಯವರೆಗೆ ನಿಂತಿರಬೇಕು.

ಹೆಂಡತಿಯ ಆಸ್ಪತ್ರೆ ನೌಕರಿಯ ಹಿಂದೆ ಗದಗದಿಂದ ಲಂಡನ್ನಿನ ಸಟನ್‌ಗೆ ಬಂದವನಿಗೆ ಈ ಸಣ್ಣ ಗ್ಯಾಲರಿಯಲ್ಲಿ ಕಾವಲಿನ ಕೆಲಸ ಸಿಕ್ಕಿತ್ತು. ಐವತ್ತಾರು ವರ್ಷದ ಮಂಡಿಗಳು ಮಾರ್ಚ್‌ನಿಂದ ತಕರಾರು ಎತ್ತಿದ್ದವು. ಕುರ್ಚಿ ಕೇಳಿ ಮೂರು ಅರ್ಜಿ ಬರೆದ. ಕೂತವರು ನಿದ್ದೆ ಹೋಗುತ್ತಾರೆ ಎಂದು ಸೂಪರ್‌ವೈಸರ್ ಮೇಡಂ ಮೂರು ಸಲವೂ ಬಹಳ ವಿನಯದಿಂದ ಹೇಳಿದ್ದರು. ನಿಂತೇ ನಿದ್ದೆ ಹೋಗುವುದನ್ನು ಅವನು ಕಲಿತಾಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಪ್ರತಿ ಬುಧವಾರ ಲಂಡನ್ನಿನದೇ ಇನ್ನೊಂದು ಬಡಾವಣೆ ಹೇಸ್‌ನಿಂದ ಪಾರ್ವತೆವ್ವ ಬರುತ್ತಿದ್ದಳು. ಮಗಳ ಮನೆಯಲ್ಲಿದ್ದ ಎಪ್ಪತ್ತರ ಮುದುಕಿ. ಬಸ್ಸು ಪುಕ್ಕಟೆ, ಗ್ಯಾಲರಿ ಪುಕ್ಕಟೆ, ಒಳಗೆ ಬೆಚ್ಚಗೆ. ಮೊದಲ ದಿನವೇ ಚಿತ್ರ ನೋಡಿ ತೀರ್ಪು ಕೊಟ್ಟಿದ್ದಳು:

"ಸಗಣಿ ಎಲ್ಲೈತೋ ತಮ್ಮಾ? ಇಂವ ಎಂದೂ ಕಸಬರಿಗಿ ಹಿಡದಾಂವಲ್ಲ ಬಿಡು."

ಕಳೆದ ವಾರ ಕಾಲು ಸೋತು ಆಕೆ ಚಿತ್ರದ ಮುಂದೆ ನೆಲಕ್ಕೇ ಕೂತುಬಿಟ್ಟಳು. ನೋಡುವವರಿಗೆ ಕೂರಲು ಜಾಗವಿಲ್ಲ ಎಂದು ಯಾರೋ ದೂರು ಬರೆದರು. ಈ ಬುಧವಾರ ಹೊಸ ಕುರ್ಚಿ ಬಂದಿತ್ತು, ಮೆತ್ತೆಯದು. ಬೆನ್ನಿಗೆ ಚೀಟಿ: ಸಂದರ್ಶಕರಿಗೆ ಮಾತ್ರ. ಸಿಬ್ಬಂದಿ ಅದರಲ್ಲಿ ಕೂರದಂತೆ ನೋಡಿಕೊಳ್ಳುವ ಹೊಣೆ ಅಡಿವೆಪ್ಪನದು. ಆ ಕೋಣೆಯಲ್ಲಿ ಸಿಬ್ಬಂದಿ ಎಂದರೆ ಅವನೊಬ್ಬನೇ.

ಪಾರ್ವತೆವ್ವನಿಗೆ ಇದನ್ನೆಲ್ಲ ಹೇಳಿದ. ಆಕೆ ಕುರ್ಚಿಯಲ್ಲಿ ಕೂತು ನೋಡಿ, ಎದ್ದಳು.

"ಮೆತ್ತಗೈತಿ. ಕುಂದ್ರು."

"ಬ್ಯಾಡ ಯವ್ವಾ. ಮೇಡಂ ಕಂಡ್ರ ನೌಕರಿ ಹೋಗ್ತೈತಿ."

"ನಿನ್ನ ಮಾರಿ ಯಾರು ನೋಡ್ತಾರ? ಆ ಕೋಟ್ ನೋಡ್ತಾರ. ಕಳಚಿ ಕೊಡು."

"ಹುಡುಗಾಟ ಬ್ಯಾಡ ಯವ್ವಾ."

"ಮೂವತ್ತು ವರ್ಷ ದನ ಕಾದೀನಿ. ಗ್ವಾಡಿ ಮ್ಯಾಲಿನ ಒಂದು ಆಕಳ ಕಾಯಾಕ ಆಗಂಗಿಲ್ಲೇನು?"

ಗಂಟೆ ನಾಲ್ಕು. ಮುಗಿಯಲು ಇನ್ನೂ ಒಂದೂವರೆ ತಾಸು. ಅಡಿವೆಪ್ಪ ಮಂಡಿಗಳ ಮಾತು ಕೇಳಿದ. ಸಮವಸ್ತ್ರದ ನೀಲಿ ಕೋಟು ಕಳಚಿ ಕೊಟ್ಟ. ಆಕೆ ಸೆರಗಿನ ಮೇಲೆಯೇ ಅದನ್ನು ತೊಟ್ಟು ಬಾಗಿಲ ಬಳಿ ಕೈಕಟ್ಟಿ ನಿಂತಳು. ಅವನು ಕೂತ. ಎಷ್ಟೋ ತಿಂಗಳಿಂದ ಹೊತ್ತಿದ್ದ ಮೂಟೆಯೊಂದು ಕೆಳಗಿಳಿದಂತಾಯಿತು.

ಐದು ನಿಮಿಷವೂ ಆಗಿರಲಿಲ್ಲ, ಮೇಡಂ ಬಾಗಿಲಿಗೆ ಬಂದರು. ಫೋನಿನಿಂದ ಅರ್ಧ ಕಣ್ಣೆತ್ತಿದರು. ಕೋಟು ನಿಂತಿತ್ತು, ಸಂದರ್ಶಕ ಕೂತಿದ್ದ. ಎಲ್ಲವೂ ನಿಯಮದಂತೆಯೇ ಇತ್ತು. ಕೋಟಿಗೆ ತಲೆಯಾಡಿಸಿ ಮುಂದಿನ ಕೋಣೆಗೆ ಹೋದರು.

ಅಡಿವೆಪ್ಪ ಗಡಬಡಿಸಿ ಏಳಹೊರಟ. ಪಾರ್ವತೆವ್ವ ತಿರುಗಿಯೂ ನೋಡಲಿಲ್ಲ.

"ಸುಮ್ಮನ ಕುಂದ್ರು," ಎಂದಳು. "ಚಿತ್ರ ನೋಡಾಕ ಬಂದಾಂವ, ಚಿತ್ರ ನೋಡು."